ಕೊನೆಯ ಲಕೋಟೆ ಬೇಗ ಕೊಡಬೇಡ

ಪ್ರೀತಿಯ ಪುಟ್ಟಿ,

ಆಶೀರ್ವಾದಗಳು.

ಮುಂದಿನ ವಾರ ಮಕ್ಕಳಿಗೆ ಡೈನೋಸಾರ್ ಪಾಠ ಇದೆ, ಏನು ಮಾಡಿಸಲಿ ದೊಡ್ಡಮ್ಮ ಅಂತ ಕೇಳಿದ್ದೆ. ಫೋನಿನಲ್ಲಿ ಹೇಳೋಣ ಅಂದುಕೊಂಡೆ. ಆದರೆ ನಾನು ಮಾತು ಶುರು ಮಾಡಿದರೆ ಎಲ್ಲಿಂದ ಎಲ್ಲಿಗೋ ಹೋಗುತ್ತೇನೆ, ಅಲ್ವಾ? ಅದಕ್ಕೇ ಬರೆಯುತ್ತಿದ್ದೇನೆ.

ಮೊದಲೇ ಒಂದು ಮಾತು. ಹೆಸರುಗಳನ್ನು ಬಾಯಿಪಾಠ ಮಾಡಿಸಲು ಹೋಗಬೇಡ. ಅವು ನಿನಗಿಂತ ಮಕ್ಕಳಿಗೇ ಜಾಸ್ತಿ ಗೊತ್ತಿರುತ್ತವೆ. ಯಾರೂ ಕಣ್ಣಾರೆ ನೋಡದ ಪ್ರಾಣಿ ಹೀಗೇ ಇತ್ತು ಅಂತ ನಮಗೆ ಹೇಗೆ ಗೊತ್ತಾಯಿತು? ಈ ಪ್ರಶ್ನೆ ಮಾತ್ರ ಅವರು ಕೇಳಿಕೊಂಡಿರುವುದಿಲ್ಲ. ನೀನು ಅದನ್ನೇ ಹಿಡಿದುಕೋ.

ಮರಳಿನಲ್ಲಿ ಪ್ಲಾಸ್ಟಿಕ್ ಎಲುಬು ಹೂತಿಟ್ಟು ಅಗೆಸುವ ಆಟ ಎಲ್ಲರೂ ಮಾಡಿಸುತ್ತಾರೆ. ನಾನೂ ಮೊದಲ ವರ್ಷ ಮಾಡಿಸಿದೆ. ಒಂದು ದೊಡ್ಡ ಟ್ರೇ, ಕೈಗೊಂದು ಬ್ರಷ್. ಐದೇ ನಿಮಿಷ! ಎಲುಬೆಲ್ಲ ಹೊರಗೆ, ಮರಳೆಲ್ಲ ನೆಲದ ಮೇಲೆ, ಒಬ್ಬನ ಕಣ್ಣಿಗೂ ಹೋಯಿತು. ಕಲಿತದ್ದು ಸೊನ್ನೆ. ಮುಂದಿನ ಸಲ ಟ್ರೇ ಮೇಲೆ ದಾರ ಕಟ್ಟಿ ಚೌಕ ಚೌಕ ಮಾಡಿದೆ. ಎಲುಬು ಕಂಡರೆ ಎತ್ತುವ ಹಾಗಿಲ್ಲ. ಯಾವ ಚೌಕದಲ್ಲಿದೆ, ಯಾವ ಕಡೆ ತಿರುಗಿದೆ, ಪಕ್ಕದಲ್ಲಿ ಏನಿದೆ ಅಂತ ಹಾಳೆಯಲ್ಲಿ ಬರೆದ ಮೇಲೆಯೇ ಎತ್ತಬೇಕು. ಪಳೆಯುಳಿಕೆ ಎಷ್ಟು ಮುಖ್ಯವೋ ಅದು ಬಿದ್ದಿದ್ದ ಜಾಗವೂ ಅಷ್ಟೇ ಮುಖ್ಯ. ಬೇಕಿದ್ದರೆ ಓವಿರಾಪ್ಟರ್ ಅನ್ನುವ ಡೈನೋಸಾರಿನ ಕಥೆ ಹೇಳು. ಗೋಬಿ ಮರುಭೂಮಿಯಲ್ಲಿ ಅದು ಸಿಕ್ಕಿದ್ದು ಮೊಟ್ಟೆಗಳ ಗೂಡಿನ ಹತ್ತಿರ. ಬೇರೆಯವರ ಮೊಟ್ಟೆ ಕದಿಯಲು ಬಂದಿರಬೇಕು ಅಂದುಕೊಂಡು 1924ರಲ್ಲಿ ‘ಮೊಟ್ಟೆ ಕಳ್ಳ’ ಅನ್ನುವ ಅರ್ಥದ ಹೆಸರಿಟ್ಟರು. 1990ರ ದಶಕದಲ್ಲಿ ಅಂಥದ್ದೇ ಮೊಟ್ಟೆಯೊಳಗೆ ಮರಿ ಸಿಕ್ಕಿತು. ನೋಡಿದರೆ ಅದು ಓವಿರಾಪ್ಟರ್ ಕುಲದ್ದೇ ಮರಿ! ಗೂಡಿನ ಮೇಲೆ ಕಾವು ಕೂತ ಹಾಗೇ ಸತ್ತಿದ್ದ ಅದರ ಹತ್ತಿರದ ನೆಂಟರೂ ಸಿಕ್ಕಿದರು. ಪಾಪ, ಕಳ್ಳ ಅನ್ನುವ ಹೆಸರು ಮಾತ್ರ ಇನ್ನೂ ಹೋಗಿಲ್ಲ.

ಈಗ ನನಗೆ ತುಂಬಾ ಇಷ್ಟವಾದ ಪಾಠಕ್ಕೆ ಬರುತ್ತೇನೆ. ಕೋಳಿಯ ಅಸ್ಥಿಪಂಜರದ ಚಿತ್ರ ತೆಗೆದುಕೊಂಡು ಒಂದೊಂದು ಎಲುಬನ್ನೂ ಬೇರೆ ಬೇರೆ ಕತ್ತರಿಸು. ಗುಂಪಿಗೆ ಐದು ಲಕೋಟೆ ಮಾಡು. ಇದು ಕೋಳಿ ಅಂತ ಅಪ್ಪಿತಪ್ಪಿಯೂ ಹೇಳಬೇಡ. ಮೊದಲ ಲಕೋಟೆಯಲ್ಲಿ ಕಾಲ್ಬೆರಳು ಮತ್ತು ಉಗುರು. ಆಮೇಲೆ ಸೊಂಟ, ಆಮೇಲೆ ಎದೆಯ ಏಣು ಅಂದರೆ ಎದೆಯೆಲುಬಿನ ಎದ್ದುನಿಂತ ಅಂಚು, ಆಮೇಲೆ ಕತ್ತು, ರೆಕ್ಕೆ, ಬಾಲ. ತಲೆಬುರುಡೆ ಕೊನೆಯದರಲ್ಲಿ. ಪ್ರತಿ ಲಕೋಟೆ ಬಿಚ್ಚಿದಾಗಲೂ ಪ್ರಾಣಿಯ ಪೂರ್ತಿ ಚಿತ್ರ ಬರೆಸು, ಹಳೆಯದನ್ನು ಅಳಿಸಲು ಬಿಡಬೇಡ. ಮೊದಲ ಚಿತ್ರದಲ್ಲಿ ಭಯಂಕರ ರಾಕ್ಷಸ ಇರುತ್ತಾನೆ ನೋಡು. ಎದೆಯ ಏಣನ್ನು ಬೆನ್ನ ಮೇಲೆ ನಿಲ್ಲಿಸುವವರು ಇದ್ದೇ ಇರುತ್ತಾರೆ. ನಗಬೇಡ, ತಿದ್ದಲೂ ಬೇಡ. ‘ಯಾಕೆ ಅಲ್ಲಿಟ್ಟೆ?’ ಅಂತ ಮಾತ್ರ ಕೇಳು.

ಪಳೆಯುಳಿಕೆ ಹುಡುಕುತ್ತಿದ್ದ ಇಂಗ್ಲೆಂಡಿನ ವೈದ್ಯ ಗಿಡಿಯನ್ ಮ್ಯಾಂಟೆಲ್ ಕೂಡ ಹಾಗೇ ಎಡವಿದ್ದರು. ಇಗ್ವಾನೊಡಾನ್ ಅನ್ನುವ ಡೈನೋಸಾರ್‌ನ ಒಂದು ಚೂಪಾದ ಎಲುಬನ್ನು ಅದರ ಮೂಗಿನ ಮೇಲೆ ಕೊಂಬಿನ ಹಾಗೆ ಇಟ್ಟರು. 1878ರಲ್ಲಿ ಬೆಲ್ಜಿಯಂನ ಕಲ್ಲಿದ್ದಲ ಗಣಿಯೊಂದರಲ್ಲಿ ಪೂರ್ತಿ ಅಸ್ಥಿಪಂಜರಗಳು ಸಿಕ್ಕ ಮೇಲೆ ತಿಳಿಯಿತು, ಅದು ಹೆಬ್ಬೆರಳು ಅಂತ. ಲಂಡನ್ನಿನ ಕ್ರಿಸ್ಟಲ್ ಪ್ಯಾಲೇಸ್ ಪಾರ್ಕಿನಲ್ಲಿ 1854ರ ಹೊತ್ತಿಗೆ ಮಾಡಿದ ಪ್ರತಿಮೆಗಳ ಮೂಗಿನ ಮೇಲೆ ಆ ಕೊಂಬು ಈಗಲೂ ಇದೆ. ಈ ಕಥೆಯನ್ನು ನಾಲ್ಕನೆಯ ಲಕೋಟೆ ಆದ ಮೇಲೆ ಹೇಳು. ಅಷ್ಟರಲ್ಲಿ ಅವರಿಗೂ ತಮ್ಮ ಚಿತ್ರದ ಮೇಲೆ ಅನುಮಾನ ಶುರುವಾಗಿರುತ್ತದೆ.

ತಲೆಬುರುಡೆ ಬಂದು, ‘ಅಯ್ಯೋ, ಕೋಳಿ!’ ಅಂತ ಕೂಗಿದ ಮೇಲೆ ಹಕ್ಕಿಗಳೂ ಡೈನೋಸಾರ್ ವಂಶದವೇ ಅಂತ ಹೇಳು. ‘ಎಲ್ಲ ಸತ್ತುಹೋದವು’ ಅನ್ನುವ ಮಾತು ಅಲ್ಲೇ ಬಿದ್ದುಹೋಗುತ್ತದೆ. ಹಾಗಂತ ಹಾರುವುದೆಲ್ಲ ಡೈನೋಸಾರ್ ಅಂದುಬಿಡಬೇಡ. ಆ ಕಾಲದ ಹಾರುವ ಸರೀಸೃಪ ಟೆರೋಸಾರ್ ಅವುಗಳ ನೆಂಟ, ಅಷ್ಟೆ. ನಾನು ಒಮ್ಮೆ ‘ಹಾರುವ ಡೈನೋಸಾರ್’ ಅಂದು ಎರಡನೇ ಬೆಂಚಿನ ಹುಡುಗಿಯಿಂದ ಪಾಠ ಹೇಳಿಸಿಕೊಂಡಿದ್ದೇನೆ.

ಎಲುಬು ಕಲ್ಲಾಗುವುದು ಹೇಗೆ ಅಂತ ತೋರಿಸಲು ಎಲ್ಲರೂ ಪ್ಲಾಸ್ಟರ್ ಹಿಡಿಯುತ್ತಾರೆ. ಜೇಡಿಮಣ್ಣಿಗೆ ಚಿಪ್ಪು ಒತ್ತಿ ಪ್ಲಾಸ್ಟರ್ ಸುರಿದರೆ ಅಚ್ಚು ಏನು ಅಂತ ತಿಳಿಯುತ್ತದೆ, ಎಲುಬಿನ ಕಥೆ ತಿಳಿಯುವುದಿಲ್ಲ. ಅದಕ್ಕೆ ಸ್ಪಂಜು ಸಾಕು. ಎಲುಬಿನ ಆಕಾರಕ್ಕೆ ಕತ್ತರಿಸಿ, ಗಟ್ಟಿ ಉಪ್ಪುನೀರಿನಲ್ಲಿ ನೆನೆಸಿ, ಕೆಲವು ದಿನ ಒಣಗಲು ಬಿಡು. ತೂತುಗಳಲ್ಲಿ ಉಪ್ಪು ಕೂತು ಸ್ಪಂಜು ಗಟ್ಟಿಯಾಗುತ್ತದೆ. ಮಣ್ಣಿನಡಿಯ ನೀರಿನಲ್ಲಿರುವ ಖನಿಜ ಎಲುಬಿನ ಸಣ್ಣ ಸಣ್ಣ ತೂತುಗಳನ್ನು ತುಂಬುವುದೂ ಹೀಗೇ, ತುಂಬಾ ನಿಧಾನವಾಗಿ. ಪ್ಲಾಸ್ಟರ್ ಮಾಡಿಸುವುದೇ ಆದರೆ ನೀನೇ ಕಲಸು. ಗಟ್ಟಿಯಾಗುವಾಗ ಅದು ಬಿಸಿಯಾಗುತ್ತದೆ, ಯಾವ ಮಗುವಿನ ಕೈಯನ್ನೂ ಅದರೊಳಗೆ ಇಡಿಸಬೇಡ. ಉಳಿದದ್ದನ್ನು ಸಿಂಕಿಗೆ ಸುರಿಯಲೂ ಬೇಡ. ಕಟ್ಟಿಕೊಂಡ ಪೈಪನ್ನು ನಾನೇ ಬಿಡಿಸಿದ್ದೇನೆ.

ಇನ್ನು ಕಾಲದ ಲೆಕ್ಕ. 46 ಮೀಟರ್ ಹಗ್ಗ ತೆಗೆದುಕೊಂಡು ಮೈದಾನಕ್ಕೆ ಹೋಗು. ಅದು ಭೂಮಿಯ ವಯಸ್ಸು, ಸುಮಾರು 460 ಕೋಟಿ ವರ್ಷ. ಒಂದು ಮೀಟರಿಗೆ 10 ಕೋಟಿ. ಡೈನೋಸಾರ್ ಬರುವುದು ಕೊನೆಯ ತುದಿಯಿಂದ ಸುಮಾರು 2.3 ಮೀಟರ್ ಹಿಂದೆ. ಸ್ಟೆಗೊಸಾರಸ್ ಒಂದೂವರೆ ಮೀಟರಿನ ಹತ್ತಿರ. ಟಿ. ರೆಕ್ಸ್ 67 ಸೆಂಟಿಮೀಟರಿನಲ್ಲಿ. 66ಕ್ಕೆ ಕ್ಷುದ್ರಗ್ರಹ ಬಡಿದಿತ್ತು. ಮನುಷ್ಯ? ಮೂರು ಮಿಲಿಮೀಟರ್! ಆಮೇಲೆ ಒಬ್ಬರನ್ನು ಸ್ಟೆಗೊಸಾರಸ್ ಹತ್ತಿರ, ಒಬ್ಬರನ್ನು ಟಿ. ರೆಕ್ಸ್ ಹತ್ತಿರ, ಒಬ್ಬರನ್ನು ತುದಿಯಲ್ಲಿ ನಿಲ್ಲಿಸಿ ಅಂತರ ಅಳೆಸು. ಟಿ. ರೆಕ್ಸ್ ಸ್ಟೆಗೊಸಾರಸ್‌ಗಿಂತ ನಮಗೇ ಹತ್ತಿರ ಅಂತ ಗೊತ್ತಾದಾಗ ಅವರ ಮುಖ ನೋಡಬೇಕು. ಚಿತ್ರಗಳಲ್ಲಿ ಎರಡೂ ಸುಮ್ನೆ ಒಟ್ಟಿಗೆ ಕಾದಾಡುತ್ತಿರುತ್ತವಲ್ಲ.

ಹೇಗೂ ಮೈದಾನದಲ್ಲಿ ಇದ್ದೀರಿ. ಒದ್ದೆ ಕಾಲಿನಲ್ಲಿ ಒಮ್ಮೆ ನಡೆಸು, ಒಮ್ಮೆ ಓಡಿಸು, ಹೆಜ್ಜೆಗಳ ನಡುವಿನ ದೂರ ಅಳೆಸು. ಹೆಜ್ಜೆ ಗುರುತು ನೋಡಿಯೇ ಡೈನೋಸಾರ್ ಎಷ್ಟು ಜೋರಾಗಿ ಹೋಗುತ್ತಿತ್ತು ಅಂತ ಅಂದಾಜು ಮಾಡುತ್ತಾರೆ. ಗುರುತು ಒಣಗುವ ಮೊದಲು ಬಳಪದಿಂದ ಸುತ್ತ ಗೆರೆ ಎಳೆಸು, ಇಲ್ಲದಿದ್ದರೆ ಜಗಳ ಶುರು.

ಎಲ್ಲವನ್ನೂ ಒಂದೇ ವಾರದಲ್ಲಿ ತುರುಕಬೇಡ. ಸಮಯ ಸಾಲದಿದ್ದರೆ ಹಗ್ಗವನ್ನೂ ಪ್ಲಾಸ್ಟರನ್ನೂ ಬಿಡು, ಲಕೋಟೆ ಮಾತ್ರ ಬಿಡಬೇಡ. ದಿನಕ್ಕೊಂದೇ ಕೊಡು. ನಾಳೆಯದು ಈಗಲೇ ಬೇಕು ಅಂತ ಪೀಡಿಸುತ್ತಾರೆ, ಜಗ್ಗಬೇಡ.

ಮೊದಲ ದಿನದ ಚಿತ್ರಗಳ ಫೋಟೋ ಮರೆಯದೆ ಕಳಿಸು. ನಿನ್ನ ಕೋಳಿಗೆ ಎಷ್ಟು ಕೊಂಬು ಬಂದಿದೆ ನೋಡಬೇಕು.

ಇಂತಿ ನಿನ್ನ ಪ್ರೀತಿಯ,
ದೊಡ್ಡಮ್ಮ