ಅಜ್ಜಿಯ ಪಿಯಾನೊ ಘಟ್ಟ ಹತ್ತುವ ಮೊದಲು

ಪ್ರೀತಿಯ ಗೆಳೆಯಾ,

ಮಂಗಳೂರಿನ ಮನೆ ಖಾಲಿ ಮಾಡುವಾಗ ಅಜ್ಜಿಯ ಪಿಯಾನೊ ನಿನ್ನ ಪಾಲಿಗೆ ಬಂತು ಅಂತ ಓದಿ ತುಂಬಾ ಖುಷಿಯಾಯಿತು. ಬೆಂಗಳೂರಿನ ಫ್ಲ್ಯಾಟಿಗೆ ತರಲು ಲಾರಿ ಗೊತ್ತು ಮಾಡುವ ಮುಂಚೆ ಇಷ್ಟು ಓದಿಬಿಡು.

ಹಳೆಯ ಅಪ್‌ರೈಟ್ (ತಂತಿಗಳು ನೆಟ್ಟಗೆ ನಿಲ್ಲುವ, ಗೋಡೆಗೆ ಒರಗಿಸಿಡುವ) ಪಿಯಾನೊ ಅಂದರೆ 200ರಿಂದ 300 ಕೆ.ಜಿ. ಹಿಡಿ. ಆ ಭಾರದ ಬಹುಪಾಲು ಬೆನ್ನಿನ ಕಡೆ ಇರುತ್ತದೆ. ಇನ್ನೂರಕ್ಕೂ ಹೆಚ್ಚು ತಂತಿಗಳ ಬಿಗಿತ ಟನ್‌ಗಟ್ಟಲೆ. ಅದನ್ನು ತಡೆದು ನಿಲ್ಲಲು ಒಳಗೆ ಎರಕದ ಕಬ್ಬಿಣದ ಚೌಕಟ್ಟು ಕೂತಿದೆ. ಹಾಗಾಗಿ ಮುಂದಿನಿಂದ ತಳ್ಳಿದರೆ ಅದು ಹಿಂದಕ್ಕೆ ಮಗುಚುತ್ತದೆ. ಬೆನ್ನ ಹಿಂದೆ ಯಾವಾಗಲೂ ಒಬ್ಬರ ಕೈ ಇರಲಿ, ಆದರೆ ಗೋಡೆಗೂ ಪಿಯಾನೊಗೂ ನಡುವೆ ಯಾರೂ ಸಿಕ್ಕಿಕೊಳ್ಳುವಂತೆ ನಿಲ್ಲಬಾರದು.

ಅಡಿಯ ಹಿತ್ತಾಳೆ ಚಕ್ರಗಳನ್ನು ಮಾತ್ರ ನಂಬಲೇಬೇಡ. ಗುಡಿಸುವಾಗ ನಾಲ್ಕು ಬೆರಳು ಸರಿಸಲು ಅವು ಸಾಕು, ಸಾಗಣೆಗಲ್ಲ. ಬಿಗಿದುಕೊಂಡ ಚಕ್ರ ತಿರುಗದೆ ನೆಲವನ್ನು ಗೀರುತ್ತದೆ, ಹೊಸ್ತಿಲಿಗೆ ತಾಗಿದರೆ ಮುಂಗಾಲೇ ಮುರಿಯುತ್ತದೆ. ರಬ್ಬರ್ ಚಕ್ರದ ಗಟ್ಟಿ ತಳ್ಳುಹಲಗೆ, ಅಗಲದ ಪಟ್ಟಿ ಎರಡು, ದಪ್ಪ ಕಂಬಳಿ ನಾಲ್ಕು, ಪಿಯಾನೊ ಎತ್ತಿ ಗೊತ್ತಿರುವ ನಾಲ್ಕು ಜನ: ಇಷ್ಟು ಬೇಕು. ಮುಚ್ಚಳ ಹಿಡಿದೋ ಮುಂಗಾಲು ಹಿಡಿದೋ ಎತ್ತಕೂಡದು.

ಹೊರಡುವ ಮುನ್ನ ಕೆಳಗಿನ ಹಲಗೆ ತೆಗೆದು ನೋಡು. ಮೇಲಂಚಿನಲ್ಲಿ ಒಂದು ಸ್ಪ್ರಿಂಗ್ ಪಟ್ಟಿ ಇರುತ್ತದೆ, ಅದನ್ನು ಮೇಲಕ್ಕೊತ್ತಿದರೆ ಹಲಗೆ ಕೈಗೆ ಬರುತ್ತದೆ. ಒಳಗೆ ಟಾರ್ಚ್ ಬಿಟ್ಟು ಇಲಿ ಗೂಡು, ಗೆದ್ದಲಿನ ಮಣ್ಣು, ನುಸಿ ತಿಂದ ಫೆಲ್ಟ್ (ಒತ್ತಿದ ಉಣ್ಣೆಯ ಬಟ್ಟೆ) ಇದೆಯಾ ಅಂತ ಹುಡುಕು. ಗೆದ್ದಲಿದ್ದರೆ ಮೊದಲು ಅದಕ್ಕೆ ಮದ್ದು, ಆಮೇಲೆ ಲಾರಿ.

ಕಂಬಳಿ ಮೊದಲು, ಪ್ಲಾಸ್ಟಿಕ್ ಅದರ ಮೇಲೆ. ಹಳೆಯ ಪಾಲಿಶ್‌ಗೆ ಪ್ಲಾಸ್ಟಿಕ್ ನೇರ ತಾಗಿದರೆ ಬಿಸಿಲಿಗೆ ಅಂಟಿಕೊಳ್ಳುತ್ತದೆ. ಲಾರಿಯಲ್ಲಿ ನೆಟ್ಟಗೆ ನಿಲ್ಲಿಸಿ, ಬೆನ್ನನ್ನು ಕ್ಯಾಬಿನ್ ಕಡೆಯ ಗೋಡೆಗೆ ಒರಗಿಸಿ ಕಟ್ಟಿಸು. ಶಿರಾಡಿಯ ತಿರುವುಗಳಲ್ಲಿ ಸಡಿಲ ಹಗ್ಗ ತಡೆಯುವುದಿಲ್ಲ.

ಲಿಫ್ಟ್ ಅಳೆದೆಯಾ? ಪಿಯಾನೊ ಉದ್ದ ಸುಮಾರು 150 ಸೆಂ.ಮೀ., ಆಳ 60ರ ಆಸುಪಾಸು. ಎಂಟು ಜನರ ಲಿಫ್ಟ್ 544 ಕೆ.ಜಿ. ತಡೆಯುತ್ತದೆ, ಆದರೆ ಉದ್ದ ಹಿಡಿಸುವುದೇ ಕಷ್ಟ. ಸ್ಟ್ರೆಚರ್ ಹೋಗುವ ಲಿಫ್ಟ್ ಇದೆಯಾ ಕೇಳು. ಮೆಟ್ಟಿಲೇ ಗತಿಯಾದರೆ ತಿರುವಿನ ಚಪ್ಪಡಿಯ ಅಗಲ ಅಳೆ, ಸಿಕ್ಕಿಕೊಳ್ಳುವುದು ಅಲ್ಲೇ.

ಇಡುವ ಜಾಗದ ಟೈಲ್ಸ್ ಒಂದೊಂದನ್ನೂ ಬೆರಳಿನ ಗೆಣ್ಣಿನಿಂದ ತಟ್ಟಿ ನೋಡು. ಟೊಳ್ಳು ಸದ್ದು ಬಂದ ಟೈಲ್ಸ್ ಮೇಲೆ ಚಕ್ರ ಕೂತರೆ ಬಿರುಕು ಖಂಡಿತ. ಚಕ್ರಗಳ ಕೆಳಗೆ ಮರದ ಬಟ್ಟಲಿಡು. ಬಿಸಿಲು ಬೀಳುವ ಕಿಟಕಿ, ಎ.ಸಿ., ಮಳೆ ಹೊಡೆಯುವ ಹೊರಗೋಡೆ ಮೂರೂ ಬೇಡ.

ನನಗೆ ನಿಜವಾದ ಚಿಂತೆ ಹವೆಯದು. ಕರಾವಳಿಯ ತೇವ ಕುಡಿದು ಉಬ್ಬಿದ ಮರ ಬೆಂಗಳೂರಿನ ಮಾರ್ಚ್ ಹವೆಗೆ ಒಮ್ಮೆಲೇ ಬಿದ್ದರೆ ಕುಗ್ಗುತ್ತದೆ. ತಂತಿಯ ಸದ್ದನ್ನು ದೊಡ್ಡದು ಮಾಡುವ ನಾದಹಲಗೆ ಸೀಳಬಹುದು, ತಂತಿ ಸುತ್ತಿದ ಮೊಳೆಗಳು ಸಡಿಲಾಗಿ ಶ್ರುತಿ ನಿಲ್ಲದೇ ಹೋಗಬಹುದು. ನವೆಂಬರ್‌ನಲ್ಲೇ ತಂದರೆ ಬೇಸಿಗೆಯೊಳಗೆ ಮರ ನಿಧಾನಕ್ಕೆ ಒಗ್ಗಿಕೊಳ್ಳುತ್ತದೆ. ಕೋಣೆಯ ತೇವಾಂಶ ಶೇ. 45ರಿಂದ 60ರ ನಡುವೆ ಇರುವಂತೆ ನೋಡಿಕೋ.

ತಂದ ಮರುದಿನವೇ ಟ್ಯೂನರ್‌ನನ್ನು ಕರೆಸಬೇಡ, ಮೂರು ನಾಲ್ಕು ವಾರ ಹೋಗಲಿ. ಶ್ರುತಿ ಅರ್ಧ ಸ್ವರ ಇಳಿದಿದ್ದರೆ ಒಂದೇ ಸಲಕ್ಕೆ ಸರಿಯಾದ ಮಟ್ಟಕ್ಕೆ (A ಸ್ವರ 440 ಹರ್ಟ್ಜ್) ಎಳೆಸಬೇಡ, ತುಕ್ಕು ಹಿಡಿದ ತಂತಿ ಪಟ್ಟನೆ ತುಂಡಾಗುತ್ತದೆ. ಎರಡು ಮೂರು ಸಲ ಬಂದು ಹಂತ ಹಂತವಾಗಿ ಏರಿಸಲಿ.

ಲಿಫ್ಟಿನ ಅಳತೆ ಬರೆದು ಕಳಿಸು.

ನಿನ್ನ ಗೆಳೆಯ