ಕಣ್ಣೀರು ಬಂದರಷ್ಟೇ ವಿಶ್ವಾಸವೇ?

ಸಂಪಾದಕರಿಗೆ ನಮಸ್ಕಾರ.

ಕಳೆದ ಎರಡು ವಾರಗಳಲ್ಲಿ ನಿಮ್ಮ ಓದುಗರ ಅಂಕಣದಲ್ಲಿ ಕ್ರೈಸ್ತರ ಆರಾಧನೆಯ ಬಗ್ಗೆ ಎರಡು ಪತ್ರ ಬಂದವು. ಮೊದಲು ಬರೆದವರಿಗೆ ಈಗಿನ ಪ್ರಾರ್ಥನಾ ಕೂಟಗಳ ಕೀಬೋರ್ಡು, ಡ್ರಮ್ಸು, ಕೈ ಎತ್ತಿ ಅಳುವುದು ಯಾವುದೂ ಹಿಡಿಸುವುದಿಲ್ಲ. ಇದೆಲ್ಲ ಬರೀ ಭಾವನೆ, ಬುದ್ಧಿ ಇರುವವರು ಹೀಗೆ ಮಾಡುವುದಿಲ್ಲ ಅಂತ ಅವರ ವಾದ. ಅವರಿಗೆ ಉತ್ತರ ಕೊಟ್ಟವರು ಸೀದಾ ಇನ್ನೊಂದು ತುದಿಗೆ ಹೋದರು. ದೇವರ ವಿಷಯದಲ್ಲಿ ತಲೆ ಓಡಿಸಬಾರದು, ಪ್ರಶ್ನೆ ಹುಟ್ಟಿತು ಅಂದರೆ ವಿಶ್ವಾಸ ಹೋಯಿತು ಅಂತಲೇ ಲೆಕ್ಕ ಅಂದರು. ನನಗೆ ಇಬ್ಬರೂ ಒಂದೇ ಕೆಲಸ ಮಾಡಿದಂತೆ ಕಂಡಿತು. ಬುದ್ಧಿಗೂ ಭಾವನೆಗೂ ಜಗಳ ಹಚ್ಚಿ, ತಮಗೆ ಬೇಕಾದ ಕಡೆಯನ್ನು ಗೆಲ್ಲಿಸಿ, ಗೆದ್ದದ್ದಕ್ಕೆ ವಿಶ್ವಾಸ ಅಂತ ಹೆಸರಿಟ್ಟರು. ಅದಕ್ಕೇ ಈ ಪತ್ರ. ಸ್ವಲ್ಪ ಉದ್ದ ಆಗುತ್ತದೆ, ಜಾಗ ಸಾಲದಿದ್ದರೆ ಕತ್ತರಿ ಹಾಕಿ.

ನಾನಿರುವುದು ಮುಂಬಯಿ ಹತ್ತಿರದ ಡೊಂಬಿವಲಿಯಲ್ಲಿ. ನಮ್ಮ ಕನ್ನಡ ಸಭೆಗೆ ಸ್ವಂತ ಕಟ್ಟಡ ಇಲ್ಲ, ಬೇರೆ ಭಾಷೆಯವರ ಆರಾಧನೆ ಮುಗಿದ ಮೇಲೆ ನಮ್ಮದು. ಬೀದರ್, ಕಲಬುರಗಿ ಕಡೆಯ ಮೆಥೋಡಿಸ್ಟರು, ಮಂಗಳೂರು, ಉಡುಪಿಯ ಬಾಸೆಲ್ ಮಿಶನ್ ಮನೆಗಳವರು, ಹುಬ್ಬಳ್ಳಿ ಧಾರವಾಡದವರು ಎಲ್ಲರೂ ಅದೇ ಬೆಂಚುಗಳಲ್ಲಿ. ಕೆಲವರಿಗೆ ಜೋರಾಗಿ ಹಾಡಿದರೆ ಸಮಾಧಾನ, ಕೆಲವರಿಗೆ ಪ್ರಸಂಗದಲ್ಲಿ, ಅಂದರೆ ಸಭಾಪಾಲಕರ ಬೋಧನೆಯಲ್ಲಿ, ಬೈಬಲ್ಲಿನ ವಚನ ಬಿಡಿಸಿ ಹೇಳಿದರೆ ಸಮಾಧಾನ. ಹಾಗಾಗಿ ನಿಮ್ಮ ಪತ್ರಿಕೆಗೆ ಈಗ ಬಂದ ಈ ಜಗಳ ನಮ್ಮಲ್ಲಿ ಪ್ರತಿ ಭಾನುವಾರ ಚಹಾದ ಹೊತ್ತಿಗೆ ಇದ್ದದ್ದೇ.

ಹಳಬರಿಗೆ ನೆನಪಿರಬಹುದು. ಅಮೆರಿಕದಿಂದ ಬಂದ ಒಂದು ಪುಟ್ಟ ಸುವಾರ್ತೆಯ ಪುಸ್ತಿಕೆ ಎಷ್ಟೋ ಭಾಷೆಗಳಲ್ಲಿ ಹಂಚಿಕೆಯಾಯಿತು. ಅದರಲ್ಲಿ ಒಂದು ರೈಲಿನ ಚಿತ್ರ ಇದೆ. ಎಂಜಿನ್ ಅಂದರೆ ಸತ್ಯಾಂಶ, ಅದರ ಹಿಂದಿನ ಕಲ್ಲಿದ್ದಲ ಡಬ್ಬಿ ವಿಶ್ವಾಸ, ಕಟ್ಟಕಡೆಯ ಡಬ್ಬಿ ಭಾವನೆ. ಕಡೆಯ ಡಬ್ಬಿ ಇರಲಿ ಬಿಡಲಿ, ರೈಲು ಓಡುತ್ತದೆ ಅಂತ ಪಾಠ. ಇವತ್ತು ಮನಸ್ಸು ಹಗುರ ಇದೆ ದೇವರಿದ್ದಾನೆ, ನಾಳೆ ಭಾರ ಇದೆ ದೇವರಿಲ್ಲ ಅನ್ನುವವರಿಗೆ ಇದು ಒಳ್ಳೆಯ ಮದ್ದೇ. ಆದರೆ ದಿನಾ ಮುಂಬಯಿಯ ಲೋಕಲ್ ರೈಲು ಹತ್ತುವವರಿಗೆ ಈ ಚಿತ್ರ ಅಷ್ಟು ಸುಲಭಕ್ಕೆ ಒಪ್ಪಿಗೆ ಆಗುವುದಿಲ್ಲ. ನಮ್ಮ ಲೋಕಲ್‌ಗೆ ಮುಂದೆ ಎಂಜಿನ್ ಅಂತ ಬೇರೆ ಇಲ್ಲವೇ ಇಲ್ಲ. ಮೋಟರ್ ಕೋಚುಗಳು ನಡುನಡುವೆ ಇರುತ್ತವೆ, ಜನ ಕೂತ ಡಬ್ಬಿಯ ಅಡಿಯಲ್ಲೇ ಮೋಟರು, ಎಲ್ಲ ಸೇರಿ ಎಳೆದರೆ ಗಾಡಿ ವೇಗ ಹಿಡಿಯುತ್ತದೆ, ಒಂದು ಕೈಕೊಟ್ಟರೆ ಉಳಿದವು ಹೇಗೋ ಎಳೆದುಕೊಂಡು ಹೋಗುತ್ತವೆ. ನನಗೆ ಗೊತ್ತಿರುವ ಕ್ರೈಸ್ತರ ಬದುಕು ಇದರ ಹಾಗೆಯೇ ಇದೆ, ಆ ಪುಸ್ತಿಕೆಯ ರೈಲಿನ ಹಾಗಿಲ್ಲ.

ಹಾಗಾದರೆ ವಿಶ್ವಾಸ ಅಂದರೇನು? ನನ್ನ ಮಟ್ಟಿಗೆ ಅದು ಯೇಸುವಿನ ಮೇಲೆ ಭಾರ ಹಾಕುವುದು. ಭಾರ ಹಾಕುವ ಮೊದಲು ಈತ ನಂಬಿಕಸ್ಥನೇ ಅಂತ ನೋಡುವುದು ಬುದ್ಧಿಯ ಕೆಲಸ. ಹಾಕಿದ ಮೇಲೆ ಹಗುರ ಅನಿಸಬಹುದು, ಕೆಲವು ಸಲ ಅನಿಸದೆಯೂ ಇರಬಹುದು, ಅದು ಭಾವನೆ. ಅನಿಸಲಿಲ್ಲ ಅಂದಮಾತ್ರಕ್ಕೆ ಹಾಕಿದ ಭಾರ ತಿರುಗಿ ಬಂದು ನಮ್ಮ ತಲೆ ಮೇಲೆ ಕೂರುವುದಿಲ್ಲ, ಅಲ್ವಾ?

ತಲೆ ಓಡಿಸಬಾರದು ಅಂದವರಿಗೆ ಮೊದಲು ಹೇಳುತ್ತೇನೆ. ಬೈಬಲ್ಲಿನಲ್ಲಿ ಅಪೊಸ್ತಲ ಪೌಲ ಕೊರಿಂಥದವರಿಗೆ ಬರೆದ ಮೊದಲ ಪತ್ರದ 15ನೇ ಅಧ್ಯಾಯ ತೆಗೆಯಿರಿ. ಸತ್ತು ಎದ್ದ ಕ್ರಿಸ್ತನನ್ನು ಐನೂರಕ್ಕೂ ಜಾಸ್ತಿ ಜನ ಒಟ್ಟಿಗೆ ಕಂಡರು, ಅವರಲ್ಲಿ ಹೆಚ್ಚಿನವರು ಇನ್ನೂ ಬದುಕಿದ್ದಾರೆ ಅಂತ ಪೌಲ ಬರೆಯುತ್ತಾನೆ. ಬೇಕಾದರೆ ಹೋಗಿ ಕೇಳಿಕೊಳ್ಳಿ ಅನ್ನುವ ಧಾಟಿ ಅದು. ಅಷ್ಟಕ್ಕೇ ನಿಲ್ಲುವುದಿಲ್ಲ. ಕ್ರಿಸ್ತ ಎದ್ದಿಲ್ಲದಿದ್ದರೆ ನನ್ನ ಬೋಧನೆಯೂ ವ್ಯರ್ಥ, ನಿಮ್ಮ ನಂಬಿಕೆಯೂ ವ್ಯರ್ಥ ಅಂತ ತಾನೇ ಹೇಳಿಬಿಡುತ್ತಾನೆ. ನನ್ನ ನಂಬಿಕೆ ಇಂಥ ಕಡೆ ಸುಳ್ಳಾಗಬಹುದು ಅಂತ ಬೆರಳಿಟ್ಟು ತೋರಿಸುವ ಧೈರ್ಯ ಎಷ್ಟು ಜನರಿಗಿದೆ? ಫೆಸ್ತ ಎಂಬ ಅಧಿಕಾರಿ ನಿನಗೆ ಹುಚ್ಚು ಹಿಡಿದಿದೆ ಅಂದಾಗ, ಇಲ್ಲ, ನಾನು ಆಡುವುದು ಸತ್ಯವಾದ, ಸ್ವಸ್ಥ ಬುದ್ಧಿಯ ಮಾತು ಅಂತ ಪೌಲ ಉತ್ತರ ಕೊಟ್ಟ. ಇನ್ನು ಬೆರೋಯ ಎಂಬ ಊರಿನ ಜನ. ಪೌಲ ಹೇಳಿದ್ದು ಹೌದೋ ಅಲ್ಲವೋ ಅಂತ ಅವರು ದಿನಾ ಶಾಸ್ತ್ರ ತೆಗೆದು ನೋಡುತ್ತಿದ್ದರು. ಅದಕ್ಕೆ ಅಪೊಸ್ತಲರ ಕೃತ್ಯಗಳಲ್ಲಿ ಅವರಿಗೆ ಬೈಗುಳ ಸಿಗಲಿಲ್ಲ, ಹೊಗಳಿಕೆ ಸಿಕ್ಕಿತು. ಯೇಸುವಿನ ಶಿಷ್ಯ ತೋಮನ ಕಥೆಯೂ ಅಷ್ಟೇ. ಯೇಸುವಿನ ಗಾಯ ನೋಡದೆ ಅವನು ಎದ್ದದ್ದನ್ನು ನಂಬುವುದಿಲ್ಲ ಅಂದ ಮೇಲೂ ಉಳಿದ ಶಿಷ್ಯರು ಅವನನ್ನು ಹೊರಗೆ ಹಾಕಲಿಲ್ಲ. ಎಂಟು ದಿನದ ಮೇಲೆ ಯೇಸು ಬಂದಾಗ ಅವನು ಆ ಕೋಣೆಯಲ್ಲೇ ಇದ್ದ. ನಮ್ಮ ಕೆಲವು ಸಭೆಗಳಲ್ಲಾಗಿದ್ದರೆ ಎಂಟು ದಿನದಲ್ಲಿ ಅವನ ಹೆಸರು ವಾಟ್ಸಾಪ್ ಗುಂಪಿನಿಂದ ಹೋಗಿರುತ್ತಿತ್ತು.

ಬುದ್ಧಿಯನ್ನು ಹೊರಗೆ ನಿಲ್ಲಿಸಿದರೆ ಏನಾಗುತ್ತದೆ ಅನ್ನುವುದಕ್ಕೆ ಮುಂಬಯಿಯಿಂದ ಆಚೆ ಹೋಗಬೇಕಾಗಿಲ್ಲ. 2006ರ ಆಗಸ್ಟಿನಲ್ಲಿ ಮಾಹಿಮ್ ಕಡಲ ನೀರು ಸಿಹಿಯಾಗಿದೆ ಅಂತ ಸುದ್ದಿ ಹಬ್ಬಿ ಜನ ಬಾಟಲಿ ತುಂಬಿಕೊಂಡು ಹೋದರು, ಮೀಠಿ ನದಿಯ ಕೊಳೆಯೆಲ್ಲ ಬಂದು ಸೇರುವ ಜಾಗದ ನೀರು! ಎಲ್ಲ ಧರ್ಮದವರೂ ಆ ಗುಂಪಿನಲ್ಲಿದ್ದರು. 2012ರಲ್ಲಿ ನಮ್ಮವರ ಸರದಿ. ವಿಲೆ ಪಾರ್ಲೆಯ ವೇಲಾಂಕಣಿ ಮಾತೆಯ ಚರ್ಚಿನ ಶಿಲುಬೆಯ ಪಾದದಿಂದ ನೀರು ತೊಟ್ಟಿಕ್ಕತೊಡಗಿತು. ಜನ ಅದನ್ನು ಪವಿತ್ರ ಜಲ ಅಂತ ಹಿಡಿದು ಕುಡಿದರು. ವಿಚಾರವಾದಿ ಸನಲ್ ಎಡಮರುಕು ಬಂದು ನೋಡಿ, ಹತ್ತಿರದ ಚರಂಡಿ ಕಟ್ಟಿಕೊಂಡಿದೆ, ಆ ನೀರೇ ಗೋಡೆ ಹಿಡಿದು ಮೇಲೇರುತ್ತಿದೆ ಅಂದರು. ಅವರ ಮೇಲೆ ಧಾರ್ಮಿಕ ಭಾವನೆಗೆ ಧಕ್ಕೆ ತಂದ ದೂರು ದಾಖಲಾಯಿತು, ಅದೇ ವರ್ಷ ಅವರು ಫಿನ್ಲೆಂಡಿಗೆ ಹೋದರು. ದೇವರ ಬಗ್ಗೆ ಎಡಮರುಕು ಅವರಿಗಿರುವ ಅಭಿಪ್ರಾಯ ನನ್ನದಲ್ಲ. ಆದರೆ ಚರಂಡಿ ಕಟ್ಟಿದೆ ಅಂತ ಗೊತ್ತಾದರೆ ಯೇಸು ಚಿಕ್ಕವನಾಗುತ್ತಾನೆಯೇ? ಪ್ಲಂಬರನ್ನು ಕರೆಸಬೇಕು, ಅಷ್ಟೇ. ಪೊಲೀಸರನ್ನು ಕರೆಸಿದ್ದರಿಂದ ನಮ್ಮ ವಿಶ್ವಾಸ ಎಷ್ಟು ಗಟ್ಟಿ ಅಂತ ಊರಿಗೆಲ್ಲ ಗೊತ್ತಾಯಿತು.

ಈಗ ಮೊದಲ ಪತ್ರದವರ ಕಡೆ ಬರುತ್ತೇನೆ. ಬುದ್ಧಿ ಇರುವವರು ಅಳುವುದಿಲ್ಲ ಅಂದಿದ್ದೀರಿ. ಬ್ಲೇಸ್ ಪಾಸ್ಕಲ್ ಹೆಸರು ಕೇಳಿರಬೇಕಲ್ಲ, ಶಾಲೆಯಲ್ಲಿ ಒತ್ತಡದ ಮಾನಕ್ಕೆ ಅವನದೇ ಹೆಸರು. ಲೆಕ್ಕ ಮಾಡುವ ಯಂತ್ರ ಕಟ್ಟಿದವನು. 1654ರಲ್ಲಿ ಗಣಿತಜ್ಞ ಫರ್ಮಾ ಜೊತೆ ಪತ್ರ ಬರೆದುಕೊಂಡು ಸಂಭವನೀಯತೆಯ ಗಣಿತಕ್ಕೆ ಬುನಾದಿ ಹಾಕಿದ. ಅದೇ ವರ್ಷ ನವೆಂಬರ್ 23ರ ರಾತ್ರಿ ಅವನಿಗೆ ಏನೋ ಆಯಿತು. ಹತ್ತೂವರೆಯಿಂದ ಹನ್ನೆರಡೂವರೆವರೆಗೆ ಅಂತ ಗಂಟೆ ಸಮೇತ ಬರೆದಿಟ್ಟ. ಬೆಂಕಿ ಅಂತ ಒಂದು ಪದ, ಆಮೇಲೆ ಅಬ್ರಹಾಮನ ದೇವರು, ಇಸಾಕನ ದೇವರು, ಯಾಕೋಬನ ದೇವರು, ತತ್ವಜ್ಞಾನಿಗಳ ದೇವರಲ್ಲ ಅಂತ. ಆನಂದದ ಕಣ್ಣೀರು ಅಂತಲೂ ಅದರಲ್ಲಿದೆ. ಆ ಕಾಗದವನ್ನು ಕೋಟಿನ ಒಳಗೆ ಹೊಲಿದುಕೊಂಡಿದ್ದ. 1662ರಲ್ಲಿ ತೀರಿಕೊಂಡ ಮೇಲೆ ಅದು ಸಿಕ್ಕಿತು. ಗಂಟೆ ನೋಡಿ ಬರೆದ ತಲೆ, ಅತ್ತ ಕಣ್ಣು, ಎರಡೂ ಒಬ್ಬನದೇ. ಹಾಗೆ ನೋಡಿದರೆ ನಮ್ಮ ಊರಿಗೆ ಬಂದ ಬಾಸೆಲ್ ಮಿಶನ್‌ನವರೂ ಬೇರೆಯಲ್ಲ. ಅವರ ಮೂಲ ಜರ್ಮನಿಯ ಭಕ್ತಿಪಂಥ, ಹೃದಯ ಕರಗಬೇಕು ಅನ್ನುವ ಜನ. 1834ರಲ್ಲಿ ಮಂಗಳೂರಿಗೆ ಬಂದರು. 1843ರಲ್ಲಿ ಮೋಗ್ಲಿಂಗ್ ಕನ್ನಡದ ಮೊದಲ ಪತ್ರಿಕೆ ತಂದರು, 1894ರಲ್ಲಿ ಕಿಟೆಲ್ ನಿಘಂಟು ಮುಗಿಸಿದರು. ಮೊಣಕಾಲೂರಿ ಅಳುವುದೂ ಬರುತ್ತಿತ್ತು, ಪದಕ್ಕೆ ಪದ ಸೇರಿಸಿ ವರ್ಷಗಟ್ಟಲೆ ಕೂರುವುದೂ ಬರುತ್ತಿತ್ತು.

ಆದರೆ ಭಾವನೆಯ ಪರ ಮಾತಾಡುವವರೂ ಒಂದು ವಿಷಯ ಕೇಳಬೇಕು. ನಮ್ಮ ಮೆಥೋಡಿಸ್ಟರಿಗೆ 1738ರ ಮೇ 24 ಬಾಯಿಪಾಠ. ಲಂಡನ್ನಿನ ಆಲ್ಡರ್ಸ್‌ಗೇಟ್ ಬೀದಿಯ ಕೂಟದಲ್ಲಿ, ಮೆಥೋಡಿಸ್ಟ್ ಪಂಥ ಹುಟ್ಟುಹಾಕಿದ ಜಾನ್ ವೆಸ್ಲಿಗೆ ಎದೆ ವಿಚಿತ್ರವಾಗಿ ಬೆಚ್ಚಗಾದ ದಿನ. ಪ್ರಸಂಗಗಳಲ್ಲಿ ಕಥೆ ಅಲ್ಲಿಗೇ ನಿಲ್ಲುತ್ತದೆ. ಆದರೆ 1739ರ ಜನವರಿಯಲ್ಲಿ, ಅಂದರೆ ವರ್ಷ ತುಂಬುವ ಮೊದಲೇ, ಅದೇ ವೆಸ್ಲಿ ನಾನು ಈಗ ಕ್ರೈಸ್ತನಲ್ಲ ಅಂತ ದಿನಚರಿಯಲ್ಲಿ ಬರೆದುಕೊಂಡ. ಆ ಬೆಚ್ಚಗೆ ಉಳಿಯಲಿಲ್ಲ. ಆದರೂ 1791ರಲ್ಲಿ ಸಾಯುವವರೆಗೂ ಕುದುರೆ ಹತ್ತಿ, ಗಾಡಿ ಹತ್ತಿ ಊರೂರು ಸುತ್ತಿ ಬೋಧಿಸಿದ. ನನ್ನನ್ನು ಕೇಳಿದರೆ ಮೇ ತಿಂಗಳ ಪುಟದ ಜೊತೆ ಜನವರಿಯ ಪುಟವನ್ನೂ ಯುವಕರಿಗೆ ಓದಿಸಬೇಕು. ಮದರ್ ತೆರೇಸಾ ಅವರದು ಇನ್ನೂ ದೊಡ್ಡದು. 2007ರಲ್ಲಿ ಅವರ ಖಾಸಗಿ ಪತ್ರಗಳು ಪ್ರಕಟವಾದಾಗ ಬಹಳ ಜನ ಬೆಚ್ಚಿದರು. ದಶಕಗಳ ಕಾಲ ಅವರಿಗೆ ಪ್ರಾರ್ಥನೆಯಲ್ಲಿ ಏನೂ ಅನಿಸುತ್ತಿರಲಿಲ್ಲ, ಒಳಗೆ ಬರೀ ಕತ್ತಲೆ. ಇದೆಲ್ಲ ಗೊತ್ತಿದ್ದೇ ಚರ್ಚು 2016ರಲ್ಲಿ ಅವರನ್ನು ಸಂತರೆಂದು ಘೋಷಿಸಿತು.

ನನಗೆ ನಿಜಕ್ಕೂ ಸಿಟ್ಟು ಬರುವುದು ಇಲ್ಲಿ. ನಮಗೆ ಪರಿಚಯದ ಒಬ್ಬ ಅಕ್ಕ ಇದ್ದಾರೆ. ಗಂಡ ತೀರಿಕೊಂಡ ಮೇಲೆ ನಿದ್ದೆ ಹೋಯಿತು, ಊಟ ಸೇರುತ್ತಿರಲಿಲ್ಲ, ಡಾಕ್ಟರು ಖಿನ್ನತೆಗೆ ಮಾತ್ರೆ ಬರೆದುಕೊಟ್ಟರು. ಅವರು ಹೋಗುತ್ತಿದ್ದ ಒಂದು ಕೂಟದಲ್ಲಿ, ಮಾತ್ರೆ ನುಂಗುವುದು ಅಂದರೆ ದೇವರ ಮೇಲೆ ಸಂಶಯ ಪಟ್ಟಂತೆ, ನಿಮ್ಮ ಮುಖದಲ್ಲಿ ಆನಂದ ಇಲ್ಲ, ಅಂದರೆ ವಿಶ್ವಾಸ ಸಾಲದು ಅಂತ ಹೇಳಿದರು. ಅವರು ಮಾತ್ರೆ ಬಿಟ್ಟರು. ಆಮೇಲೆ ಆದದ್ದನ್ನು ಬರೆಯುವುದಿಲ್ಲ, ಈಗ ಮತ್ತೆ ಚಿಕಿತ್ಸೆಯಲ್ಲಿದ್ದಾರೆ ಅಂತ ಮಾತ್ರ ಹೇಳುತ್ತೇನೆ. ಭಾವನೆಯನ್ನೇ ವಿಶ್ವಾಸದ ಅಳತೆಗೋಲು ಮಾಡಿದರೆ ಮೊದಲ ಏಟು ಬೀಳುವುದು ಇಂಥವರಿಗೆ. ಬುದ್ಧಿಯ ಪರ ಇರುವವರೂ ಇವರಿಗೆ ಒಳ್ಳೆಯದೇನೂ ಮಾಡಲಿಲ್ಲ. ಸತ್ತವರು ಏಳುತ್ತಾರೆ ಅಂತ ಗೊತ್ತಿದ್ದೂ ಯಾಕೆ ಅಳುತ್ತೀರಿ ಅಂತ ಕೇಳಿದವರು ಅವರೇ. ಸತ್ತ ಗೆಳೆಯ ಲಾಜರನನ್ನು ಎಬ್ಬಿಸುತ್ತೇನೆ ಅಂತ ಗೊತ್ತಿದ್ದೂ ಯೇಸು ಅವನ ಸಮಾಧಿಯ ದಾರಿಯಲ್ಲಿ ಅತ್ತ. ಅದನ್ನು ಯೋಹಾನ ಯಾಕೆ ಬರೆದಿಟ್ಟ ಅಂದುಕೊಂಡಿದ್ದಾರೆ?

ಬೈಬಲ್ಲಿನ 1 ಅರಸುಗಳು 19ನೇ ಅಧ್ಯಾಯದಲ್ಲಿ ಪ್ರವಾದಿ ಎಲೀಯ ಇದ್ದಾನೆ. ಕರ್ಮೆಲ್ ಬೆಟ್ಟದ ಮೇಲೆ ಆಕಾಶದಿಂದ ಬೆಂಕಿ ಬಿದ್ದದ್ದನ್ನು ಕಣ್ಣಾರೆ ಕಂಡವನು. ಅವನಿಗೆ ಸಾಕ್ಷ್ಯದ ಕೊರತೆ ಇತ್ತು ಅನ್ನುವಂತಿಲ್ಲ. ಅದಾದ ಸ್ವಲ್ಪದರಲ್ಲೇ ಮರುಭೂಮಿಯಲ್ಲಿ ಒಂದು ಗಿಡದ ಕೆಳಗೆ ಕೂತು, ಸಾಕು, ನನ್ನ ಪ್ರಾಣ ತೆಗೆದುಬಿಡು ಅನ್ನುತ್ತಾನೆ. ದೇವರು ಅವನಿಗೆ ಪ್ರಸಂಗ ಮಾಡಲಿಲ್ಲ. ಮಲಗಲು ಬಿಟ್ಟ. ದೂತ ಬಂದು ತಟ್ಟಿ ಎಬ್ಬಿಸಿ ರೊಟ್ಟಿ, ನೀರು ಕೊಟ್ಟ. ಎಲೀಯ ತಿಂದು ಮತ್ತೆ ಮಲಗಿದ. ಎರಡನೇ ಸಲವೂ ಊಟವೇ. ಇಲ್ಲಿ ಏನು ಮಾಡುತ್ತಿದ್ದೀ ಅಂತ ದೇವರು ಕೇಳಿದ್ದು ಅದೆಲ್ಲ ಆಗಿ ಹೋರೇಬ್ ಬೆಟ್ಟ ಮುಟ್ಟಿದ ಮೇಲೆ.

ಮಹಾರಾಷ್ಟ್ರದಲ್ಲಿ ಮೂಢನಂಬಿಕೆಯ ವಿರುದ್ಧ ಒಂದು ಕಾನೂನು ಇದೆ. ವಿಚಾರವಾದಿ ನರೇಂದ್ರ ದಾಭೋಲ್ಕರ್ ವರ್ಷಗಟ್ಟಲೆ ಹೋರಾಡಿದ್ದು ಅದಕ್ಕಾಗಿ. 2013ರ ಆಗಸ್ಟ್ 20ರಂದು ಪುಣೆಯಲ್ಲಿ ಅವರ ಕೊಲೆ ಆಯಿತು, ಅದೇ ವರ್ಷ ಕಾನೂನು ಬಂತು. ಹಾವು, ನಾಯಿ, ಚೇಳು ಕಚ್ಚಿದವರಿಗೆ ಔಷಧಿ ತಪ್ಪಿಸಿ ಮಂತ್ರ ಹಾಕುವುದು ಅದರಲ್ಲಿ ಅಪರಾಧ. ಖಿನ್ನತೆಯ ಮಾತ್ರೆ ಬಿಡಿಸುವುದು ಚೇಳಿನ ವಿಷಕ್ಕಿಂತ ಕಡಿಮೆ ಅಪಾಯ ಅಂತ ನಮ್ಮ ಸಭೆಗಳು ಸುಮ್ನೆ ಅಂದುಕೊಳ್ಳುವುದು ಬೇಡ. ಮನಸ್ಸಿನ ತೊಂದರೆಗೆ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 2022ರಿಂದ ಇದೆ, 14416ಕ್ಕೆ ಕರೆ ಮಾಡಿದರೆ ದುಡ್ಡಿಲ್ಲ. ಆ ನಂಬರನ್ನು ಪ್ರಾರ್ಥನಾ ಕೂಟದ ಫಲಕದ ಮೇಲೆ ಅಂಟಿಸಿದರೆ ದೇವರಿಗೇನೂ ಬೇಜಾರಾಗುವುದಿಲ್ಲ.

ಸಭಾಪಾಲಕರಲ್ಲಿ, ಹಿರಿಯರಲ್ಲಿ ನನ್ನ ಕೋರಿಕೆ ಇಷ್ಟು. ದೃಢೀಕರಣ ತರಗತಿಯಲ್ಲಿ ಮಕ್ಕಳು ಪ್ರಶ್ನೋತ್ತರ ಬಾಯಿಪಾಠ ಒಪ್ಪಿಸಿದ ಮೇಲೆ, ಅವರ ಸ್ವಂತ ಪ್ರಶ್ನೆಗಳಿಗೂ ಅರ್ಧ ಗಂಟೆ ಇಡಿ. ಉತ್ತರ ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಅನ್ನಿ, ಮುಂದಿನ ವಾರ ಓದಿಕೊಂಡು ಬನ್ನಿ. ಸಭೆಯ ಮುಂದೆ ಸಾಕ್ಷಿ, ಅಂದರೆ ದೇವರು ತಮಗೆ ಮಾಡಿದ್ದನ್ನು, ಹೇಳುವಾಗ ಗುಣವಾದವರನ್ನು, ಕೆಲಸ ಸಿಕ್ಕವರನ್ನು ಮಾತ್ರ ನಿಲ್ಲಿಸಬೇಡಿ. ಇನ್ನೂ ಕಾಯುತ್ತಿರುವವರೂ ಒಂದು ಮಾತು ಹೇಳಲಿ. ಮತ್ತೆ, ಕೀರ್ತನೆ 88ನ್ನು ಆರಾಧನೆಯಲ್ಲಿ ಓದಿ. ಮೊದಲಿಂದ ಕಡೆವರೆಗೆ ಗೋಳೇ, ಕಡೆಯ ಸಾಲಿನಲ್ಲೂ ಕತ್ತಲೆಯೇ. ಆದರೂ ಅದನ್ನು ಯಾರೂ ಬೈಬಲ್ಲಿನಿಂದ ಕಿತ್ತು ಹಾಕಲಿಲ್ಲ. ಓದಿ ಮುಗಿಸಿದ ಕೂಡಲೇ ಕೈ ತಟ್ಟುವ ಹಾಡು ಶುರು ಮಾಡದಿದ್ದರೆ ಇನ್ನೂ ಒಳ್ಳೆಯದು.

ನಮ್ಮ ಸಭಾಪಾಲಕರಿಗೆ ಇದನ್ನೆಲ್ಲ ಹೇಳಿದ್ದೇನೆ. ತರಗತಿಯ ವಿಷಯ ಒಪ್ಪಿದ್ದಾರೆ, ಸಾಕ್ಷಿಯ ವಿಷಯ ನೋಡೋಣ ಅಂದಿದ್ದಾರೆ. ಪುಣೆಯಲ್ಲೋ, ಗೋವಾದಲ್ಲೋ, ಇಲ್ಲೇ ಮುಂಬಯಿಯ ಬೇರೆ ಕನ್ನಡ ಸಭೆಗಳಲ್ಲೋ ಇಂಥದ್ದು ಆಗಲೇ ಮಾಡುತ್ತಿರುವವರು ಇದ್ದರೆ, ಹೇಗೆ ನಡೆಸುತ್ತಿದ್ದೀರಿ ಅಂತ ಈ ಅಂಕಣಕ್ಕೇ ಬರೆಯಿರಿ.

ಇತಿ,
ಒಬ್ಬ ಓದುಗ, ಡೊಂಬಿವಲಿ