ಅಳತೆ ಕೋಲು ಕ್ಯೂ ಶುರುವಾಗುವಲ್ಲೇ ಇರಲಿ

ಮಾನ್ಯ ಸಂಪಾದಕರೇ,

ನಾನು ದಾವಣಗೆರೆಯ ನಿಟ್ಟುವಳ್ಳಿಯಲ್ಲಿ 30 ವರ್ಷದಿಂದ ಬಟ್ಟೆ ಹೊಲಿಯುತ್ತಿದ್ದೇನೆ. ಶಾಲೆ ಶುರುವಾಗುವ ಹೊತ್ತಿಗೆ ಯೂನಿಫಾರ್ಮ್ ಅಳತೆಗೆಂದು ದಿನಾ ಹತ್ತು ಹದಿನೈದು ಮಕ್ಕಳು ನನ್ನ ಟೇಪಿನ ಮುಂದೆ ನಿಲ್ಲುತ್ತಾರೆ. ಈಗ ರಜೆ ಬಂತು. ಮಕ್ಕಳನ್ನು ಥೀಮ್ ಪಾರ್ಕಿಗೆ ಕರೆದುಕೊಂಡು ಹೋಗಬೇಕು ಅಂತ ನಮ್ಮ ಓಣಿಯಲ್ಲೇ ನಾಲ್ಕೈದು ಮನೆಯವರು ಗಾಡಿ ಮಾತಾಡುತ್ತಿದ್ದಾರೆ. ಅವರಿಗೆ ಒಂದು ಮಾತು ಹೇಳಬೇಕು. ಪಾರ್ಕು ನಡೆಸುವವರಿಗೂ, ಜಾತ್ರೆಗೆ ತೊಟ್ಟಿಲು ತರುವವರಿಗೂ ಅದೇ ಮಾತು ಮುಟ್ಟಬೇಕು. ಅದಕ್ಕೇ ಈ ಪತ್ರ.

ಹೋದ ದಸರಾ ರಜೆಯಲ್ಲಿ ಮನೆಮಂದಿ ಒಂಬತ್ತು ಜನ ಟೆಂಪೊ ಟ್ರಾವೆಲರ್ ಮಾಡಿಕೊಂಡು ಒಂದು ದೊಡ್ಡ ಪಾರ್ಕಿಗೆ ಹೋಗಿದ್ದೆವು. ರಾತ್ರಿ ಎರಡು ಗಂಟೆಗೇ ಹೊರಟಿದ್ದು. ಮೊಮ್ಮಗನಿಗೆ ಏಳು ವರ್ಷ. ಒಂದು ತಿಂಗಳಿಂದ ಅವನ ಬಾಯಲ್ಲಿ ರೋಲರ್ ಕೋಸ್ಟರ್ ಬಿಟ್ಟು ಬೇರೆ ಮಾತಿಲ್ಲ. ಮೊಬೈಲಿನಲ್ಲಿ ಅದರ ವಿಡಿಯೊ ನೋಡಿ ನೋಡಿ, ಯಾವ ತಿರುವಿನಲ್ಲಿ ಕೈ ಮೇಲೆತ್ತಬೇಕು ಅಂತ ನಮಗೆಲ್ಲ ಹೇಳಿಕೊಟ್ಟಿದ್ದ. ಒಳಗೆ ಹೋದವರೇ ಸೀದಾ ಅದರ ಕ್ಯೂಗೆ ನಿಂತೆವು. ಸುಡು ಬಿಸಿಲು. ಐವತ್ತು ನಿಮಿಷ ಕಳೆದು ಗೇಟಿನ ಹತ್ತಿರ ಬಂದರೆ ಅಲ್ಲಿ ಹಳದಿ ಬಣ್ಣದ ಕೋಲು. ಮೇಲೆ ಗೆರೆ. 120 ಸೆಂ.ಮೀ.

ಹುಡುಗ ಕೋಲಿಗೆ ಬೆನ್ನು ಕೊಟ್ಟು ನಿಂತ. ತಲೆಗೂ ಗೆರೆಗೂ ನಡುವೆ ಎರಡು ಬೆರಳು ಜಾಗ. ಮೆಲ್ಲಗೆ ಹಿಮ್ಮಡಿ ಎತ್ತಿದ. ಗೇಟಿನಲ್ಲಿದ್ದವನು ಬಗ್ಗಿ ಕಾಲು ನೋಡಿ, "ಇಲ್ಲ ಪುಟ್ಟಾ, ಮುಂದಿನ ವರ್ಷ ಬಾ" ಅಂದ. ಮೊಮ್ಮಗ ಅಳಲಿಲ್ಲ. ನನ್ನ ಸೆರಗಿನ ತುದಿ ಮುಷ್ಟಿಯಲ್ಲಿ ಹಿಡಿದುಕೊಂಡು, ಬಂದ ಕ್ಯೂನಲ್ಲೇ ಎದುರಿಗೆ ಬರುವವರನ್ನೆಲ್ಲ ದಾಟಿಕೊಂಡು ವಾಪಸ್ ನಡೆದ. ಆ ಸೆರಗಿನ ತುದಿ ಬೆವರಿಗೆ ಒದ್ದೆಯಾಗಿ ಮುದ್ದೆಯಾಗಿತ್ತು. ಇವತ್ತಿಗೂ ನೆನೆಸಿಕೊಂಡರೆ ಹೊಟ್ಟೆಯಲ್ಲಿ ಸಂಕಟ ಆಗುತ್ತದೆ.

ಅವನನ್ನು ಸೊಸೆಯ ಹತ್ತಿರ ಬಿಟ್ಟು ನಾನು ತಿರುಗಿ ಹೋಗಿ ಜಗಳಕ್ಕೇ ನಿಂತೆ. ಎರಡು ಬೆರಳಿಗೆ ಏನಪ್ಪಾ ಆಗುತ್ತೆ, ನಾನು ಪಕ್ಕದಲ್ಲೇ ಕೂತು ಗಟ್ಟಿಯಾಗಿ ಹಿಡಿದುಕೊಳ್ಳುತ್ತೇನೆ ಅಂದೆ. ಆ ಹುಡುಗ ಸಿಟ್ಟಾಗಲಿಲ್ಲ. ಸ್ವಲ್ಪ ಈಚೆ ಕರೆದು, ನಿಂತಿದ್ದ ಖಾಲಿ ಗಾಡಿಯ ಕಡೆ ಕೈ ತೋರಿಸಿದ. "ಅಮ್ಮಾ, ಆ ಕಂಬಿ ನೋಡ್ರಿ. ಇಬ್ಬರಿಗೂ ಸೇರಿ ಒಂದೇ. ನಿಮ್ಮ ತೊಡೆಗೆ ತಾಗಿದ ಕೂಡಲೇ ಅದು ನಿಲ್ಲುತ್ತೆ. ಮಗೂ ಕಡೆ ಗೇಣುದ್ದ ಜಾಗ ಉಳಿಯುತ್ತೆ. ಗಾಡಿ ದಿಬ್ಬ ಹತ್ತಿ ಇಳಿಯೋವಾಗ ಮೈ ಸೀಟಿಂದ ಮೇಲಕ್ಕೆ ಏಳುತ್ತೆ. ಆಗ ಕೈಯಲ್ಲಿ ಹಿಡಿಯೋಕಾಗಲ್ಲ" ಅಂದ.

ನನ್ನ ಬಾಯಿ ಕಟ್ಟಿತು. ಅಪ್ಪನ ಪ್ಯಾಂಟನ್ನು ಮಗನಿಗೆ ಹಾಕಿ ಬೆಲ್ಟ್ ಬಿಗಿದರೆ ನಿಲ್ಲುತ್ತದಾ? ಇದೂ ಹಾಗೇ. ಇನ್ನೊಂದು ವಿಷಯ ಆಮೇಲೆ ಹೊಳೆಯಿತು. ನಾಲ್ಕು ವರ್ಷದ ಮಗುವಿನ ತಲೆ ಸುತ್ತಳತೆ ಹತ್ತಿರ ಹತ್ತಿರ 20 ಇಂಚು ಇರುತ್ತದೆ. ದೊಡ್ಡವರದು 22ರ ಆಸುಪಾಸು. ಮೈ ತೂಕ ಮಾತ್ರ ನಮ್ಮ ಅರ್ಧವೂ ಇಲ್ಲ. ಅದಕ್ಕೇ ಚಿಕ್ಕ ಮಕ್ಕಳ ಫ್ರಾಕಿಗೆ ಕತ್ತಿನ ಹಿಂದೆ ಸೀಳಿ ಗುಂಡಿ ಇಡುತ್ತೇವೆ, ಇಲ್ಲದಿದ್ದರೆ ತಲೆ ತೂರುವುದೇ ಇಲ್ಲ. ಅಷ್ಟು ದೊಡ್ಡ ತಲೆಯನ್ನು ಎಳೆಯ ಕತ್ತು ಹೊತ್ತಿರುತ್ತದೆ. ಜೋರಾಗಿ ಎಳೆದು ತಿರುಗಿಸುವ ಆಟದಲ್ಲಿ ಆ ಕತ್ತಿಗೆ ಎಷ್ಟು ಪೆಟ್ಟು ಬೀಳಬಹುದು ಅಂತ 30 ವರ್ಷ ಮಕ್ಕಳ ಕತ್ತಿನ ಅಳತೆ ತೆಗೆದ ನಾನೇ ಯೋಚಿಸಿರಲಿಲ್ಲ.

ಹಾಗಾಗಿ ಕೋಲಿನ ಮೇಲೆ ನನಗೆ ಸಿಟ್ಟಿಲ್ಲ. ಅದು ಇದ್ದ ಜಾಗದ ಮೇಲೆ ಸಿಟ್ಟು. ಕ್ಯೂನ ಬಾಯಲ್ಲೇ ಅದನ್ನು ನಿಲ್ಲಿಸಿದ್ದರೆ ಐವತ್ತು ನಿಮಿಷ ಬಿಸಿಲಲ್ಲಿ ಆಸೆ ಹೊತ್ತು ನಿಲ್ಲುವುದು ತಪ್ಪುತ್ತಿತ್ತು. ಟಿಕೆಟಿನ ಜೊತೆಗೇ ಯಾವ ಆಟಕ್ಕೆ ಎಷ್ಟು ಎತ್ತರ ಬೇಕು ಅನ್ನುವ ಒಂದು ಚೀಟಿ ಕನ್ನಡದಲ್ಲಿ ಕೊಟ್ಟಿದ್ದರೆ ಮನೆಯಲ್ಲೇ ಹುಡುಗನಿಗೆ ತಿಳಿಸಿ ಹೇಳುತ್ತಿದ್ದೆ. ವೆಬ್‌ಸೈಟಿನಲ್ಲಿ ಇಂಗ್ಲಿಷಿನಲ್ಲಿ ಇತ್ತಂತೆ, ಮಗ ಆಮೇಲೆ ಹುಡುಕಿ ತೋರಿಸಿದ. ದುಡ್ಡು ಕೂಡಿಟ್ಟು ವರ್ಷಕ್ಕೊಂದು ಸಲ ಹೋಗುವ ನಮ್ಮಂಥವರು ಎಷ್ಟು ಜನ ಅದನ್ನು ಹುಡುಕಿ ಓದುತ್ತಾರೆ? ಸೆಂಟಿಮೀಟರ್ ಜೊತೆಗೆ ಅಡಿ, ಇಂಚನ್ನೂ ಬರೆಯಲಿ. 120 ಸೆಂಟಿಮೀಟರ್ ಅಂದರೆ ನಮ್ಮ ಜನಕ್ಕೆ ಕಣ್ಣಿಗೆ ಕಟ್ಟುವುದಿಲ್ಲ. 47 ಕಾಲು ಇಂಚು, ನಾಲ್ಕು ಅಡಿಗೆ ಮುಕ್ಕಾಲು ಇಂಚು ಕಡಿಮೆ ಅಂದರೆ ಯಾವ ತಾಯಿಗೂ ಗೊತ್ತಾಗುತ್ತದೆ.

ಸಂಕ್ರಾಂತಿ ಆದ ಮೇಲೆ ಇನ್ನೊಂದು ಸಲ ಹೋದೆವು. ಈ ಸಲ ಮೊದಲು ಅಳತೆ, ಆಮೇಲೆ ಪಾರ್ಕು. ಮಕ್ಕಳನ್ನು ಬರಿಗಾಲಲ್ಲಿ ಬಾಗಿಲ ಚೌಕಟ್ಟಿಗೆ ನಿಲ್ಲಿಸಿ, ತಲೆ ಮೇಲೆ ಪುಸ್ತಕ ಇಟ್ಟು ಪೆನ್ಸಿಲಿನಲ್ಲಿ ಗೆರೆ ಹಾಕಿದೆ. ಸಂಜೆ ಹೊತ್ತೇ ಅಳೆಯಬೇಕು. ಬೆಳಿಗ್ಗೆ ಎದ್ದಾಗ ಎಲ್ಲರೂ ಒಂದು ಚೂರು ಎತ್ತರ ಇರುತ್ತೇವೆ, ದಿನವಿಡೀ ಓಡಾಡಿದ ಮೇಲೆ ಬೆನ್ನುಮೂಳೆ ಕುಗ್ಗಿ ಅದು ಇಳಿಯುತ್ತದೆ. ದೊಡ್ಡವನು 117, ಚಿಕ್ಕವಳು 98. ಈ ವಯಸ್ಸಿನ ಮಕ್ಕಳು ವರ್ಷಕ್ಕೆ ಐದಾರು ಸೆಂಟಿಮೀಟರ್ ಬೆಳೆಯುತ್ತಾರೆ. ಗೇಟಿನ ಹುಡುಗ ಮುಂದಿನ ವರ್ಷ ಬಾ ಅಂದಿದ್ದು ಸುಮ್ನೆ ಸಮಾಧಾನಕ್ಕಲ್ಲ ಅಂತ ಮೊಮ್ಮಗನಿಗೆ ಲೆಕ್ಕ ಹಾಕಿ ತೋರಿಸಿದೆ. 120ರ ಗೆರೆಯನ್ನು ಅವನೇ ಕೆಂಪು ಪೆನ್ನಿನಲ್ಲಿ ಎಳೆದ. ಆಮೇಲೆ ಅವನು ರೋಲರ್ ಕೋಸ್ಟರ್ ಅಂತ ಹಟ ಹಿಡಿಯಲಿಲ್ಲ.

ಇಡೀ ದಿನವನ್ನು 98ರವಳನ್ನು ನೋಡಿಕೊಂಡು ಜೋಡಿಸಿದೆವು. ಬೆಳಿಗ್ಗೆ ಬಾಗಿಲು ತೆಗೆದ ಕೂಡಲೇ ಪುಟ್ಟ ರೈಲು, ತಿರುಗುವ ಕುದುರೆ. ಆಗ ಕ್ಯೂ ಇರುವುದಿಲ್ಲ, ಮಕ್ಕಳಿಗೂ ನಿದ್ದೆ ಆಗಿ ಮೈ ಹಗುರ ಇರುತ್ತದೆ. ಊಟ ಆದ ತಕ್ಷಣ ತಿರುಗುವ ಆಟ ಬೇಡವೇ ಬೇಡ. ಒಂದು ಗಂಟೆ ನೆರಳಲ್ಲಿ ಮಲಗಿಸಿದೆವು. ನೀರಿನ ಆಟ ಕೊನೆಗೆ. ಕಾಟನ್ ಬಟ್ಟೆಯಲ್ಲಿ ನೀರಿಗೆ ಬಿಡುವುದಿಲ್ಲ, ಅದರ ಎಳೆ ಬಿಟ್ಟುಕೊಂಡು ಫಿಲ್ಟರ್ ಕಟ್ಟುತ್ತದೆ. ಅಲ್ಲೇ ಕೊಂಡರೆ ಬೆಲೆ ಜಾಸ್ತಿ ಅಂತ ನೈಲಾನ್ ಬಟ್ಟೆ ತಂದು ಐದು ಜೊತೆ ನಾನೇ ಹೊಲಿದಿದ್ದೆ. ಚಿಕ್ಕವಳ ಮುಂಗೈ ಮೇಲೆ ಬಾಲ್‌ಪೆನ್ನಿನಲ್ಲಿ ಅವಳಪ್ಪನ ಫೋನ್ ನಂಬರ್ ಬರೆದಿದ್ದೆವು. ಅವಳು ವೇಗಕ್ಕೆ ಹೆದರಲಿಲ್ಲ, ಕತ್ತಲೆಗೆ ಹೆದರಿದಳು. ಗುಹೆ ಥರದ ಆಟದ ಬಾಗಿಲಲ್ಲೇ ಅಪ್ಪನ ಕತ್ತು ತಬ್ಬಿಕೊಂಡಳು. ಬಲವಂತ ಮಾಡದೆ ಈಚೆ ಬಂದೆವು.

ಒಂದೇ ಒಂದು ತೊಂದರೆ ಉಳಿಯಿತು. ದೊಡ್ಡ ಆಟಕ್ಕೆ ಮಗ ಹೋದರೆ ಸೊಸೆ ಮಕ್ಕಳ ಜೊತೆ ಕೆಳಗೆ. ಅವನು ಬಂದ ಮೇಲೆ ಅವಳು ಮತ್ತೆ ಮೊದಲಿಂದ ಕ್ಯೂ ನಿಲ್ಲಬೇಕು. ಬೇಡ ಬಿಡಿ ಅತ್ತೆ ಅಂತ ಅವಳು ಹೋಗಲೇ ಇಲ್ಲ. ಎಲ್ಲ ಮನೆಯಲ್ಲೂ ಹೀಗೇ ಆಗುತ್ತದೆ, ಉಳಿಯುವವಳು ತಾಯಿಯೇ ಅಲ್ವಾ? ನನ್ನ ತಂಗಿಯ ಮಗಳು ಕ್ಯಾಲಿಫೋರ್ನಿಯಾದಲ್ಲಿದ್ದಾಳೆ. ಅಲ್ಲಿ ಅನಾಹೈಮ್‌ನಲ್ಲಿ 1955ರಿಂದ ನಡೆಯುತ್ತಿರುವ ಡಿಸ್ನಿಲ್ಯಾಂಡಿನಲ್ಲಿ ಇದಕ್ಕೆ ರೈಡರ್ ಸ್ವಿಚ್ ಅನ್ನುವ ಪದ್ಧತಿ ಇದೆ. ಗಂಡ ಆಡಿ ಬರುವವರೆಗೆ ಹೆಂಡತಿ ಮಗುವನ್ನು ನೋಡಿಕೊಳ್ಳುತ್ತಾಳೆ. ಆಮೇಲೆ ಮಗು ಗಂಡನ ಕೈಗೆ. ಹೆಂಡತಿ ಆ ಉದ್ದನೆ ಕ್ಯೂನಲ್ಲಿ ಮತ್ತೆ ನಿಲ್ಲಬೇಕಿಲ್ಲ. ಸ್ಪೇಸ್ ಮೌಂಟನ್ ಅನ್ನುವ ಅಲ್ಲಿನ ಆಟಕ್ಕೆ 102 ಸೆಂಟಿಮೀಟರ್ ಬೇಕು ಅನ್ನುವುದನ್ನು ತಂಗಿಯ ಮಗಳು ಮನೆಯಲ್ಲೇ ನೋಡಿಕೊಂಡು ಹೊರಡುತ್ತಾಳೆ. ಹೀಗೆ ಸರದಿ ಬದಲಿಸುವುದಕ್ಕೇನೂ ದೊಡ್ಡ ಖರ್ಚಿಲ್ಲ. ಒಂದು ಟೋಕನ್ ಸಾಕು. ನಮ್ಮ ರಾಜ್ಯದ ಎಲ್ಲ ಪಾರ್ಕುಗಳಲ್ಲೂ ಇದು ಬರಲಿ ಅಂತ ಕೈ ಮುಗಿದು ಕೇಳುತ್ತೇನೆ.

ಪಾರ್ಕಿಗೆ ಹೋಗಲಾರದ ಮಕ್ಕಳಿಗೆ ಜಾತ್ರೆಯೇ ಪಾರ್ಕು. ಬೇರೊಂದು ಊರಿನ ಜಾತ್ರೆಯಲ್ಲಿ ಹಿಂದೊಮ್ಮೆ ಜೋಕಾಲಿ ಥರ ತೂಗುವ ಕೊಲಂಬಸ್ ಹಡಗಿನಲ್ಲಿ ಮೂರು ವರ್ಷದ ಮಗುವನ್ನು ತೊಡೆ ಮೇಲೆ ಕೂರಿಸಿಕೊಂಡ ತಾಯಿಯನ್ನು ನೋಡಿದ್ದೆ. ಹಡಗು ಮೇಲಕ್ಕೆ ಹೋದಾಗ ಮಗುವಿನ ಒಂದು ಚಪ್ಪಲಿ ಕಳಚಿ ನಮ್ಮ ಮುಂದೆ ಬಿತ್ತು. ಹತ್ತಿಸಿಕೊಂಡವನು ಕೇಳಿರಲಿಲ್ಲ, ಆ ತಾಯಿಗೂ ಗೊತ್ತಿರಲಿಲ್ಲ. ದೇವರ ದಯೆ, ಬಿದ್ದಿದ್ದು ಚಪ್ಪಲಿ ಮಾತ್ರ. ನಮ್ಮ ದುಗ್ಗಮ್ಮನ ಜಾತ್ರೆ ಎರಡು ವರ್ಷಕ್ಕೊಮ್ಮೆ ನಡೆಯುತ್ತದೆ. ಊರ ಹೆಣ್ಣುಮಕ್ಕಳೆಲ್ಲ ಮಕ್ಕಳನ್ನು ಕರೆದುಕೊಂಡು ತವರಿಗೆ ಬರುತ್ತಾರೆ. ಸಂಜೆ ಆದರೆ ತೊಟ್ಟಿಲು, ಹಡಗಿನ ಮುಂದೆ ಮಕ್ಕಳದೇ ಜಾತ್ರೆ. ಆಟ ಹಾಕಲು ಅನುಮತಿ ಕೊಡುವಾಗಲೇ ಪ್ರತಿ ಆಟದ ಮುಂದೆ ಅಳತೆ ಕೋಲು ಇರಬೇಕು, ಗೆರೆ ಮುಟ್ಟದ ಮಗುವನ್ನು ಹತ್ತಿಸಬಾರದು ಅಂತ ಅಧಿಕಾರಿಗಳು ಬರೆಸಿಕೊಳ್ಳಲಿ.

ಕೋಲಿಗೆ ದುಡ್ಡಿಲ್ಲ ಅನ್ನುವುದಾದರೆ, ಮುಂದಿನ ಜಾತ್ರೆಗೆ ಹತ್ತು ಕೋಲು ನಾನೇ ಕೊಡುತ್ತೇನೆ. ಅಡಿ, ಇಂಚು, ಸೆಂಟಿಮೀಟರ್ ಮೂರನ್ನೂ ಕನ್ನಡದಲ್ಲಿ ಬರೆಸಿ, ಹಳದಿ ಬಣ್ಣ ಬಳಿಸಿ ಕೊಡುತ್ತೇನೆ. ಯಾರ ಕೈಗೆ ಒಪ್ಪಿಸಬೇಕು ಅನ್ನುವುದನ್ನು ಸಂಬಂಧಪಟ್ಟವರು ನಿಮ್ಮ ಪತ್ರಿಕೆಯಲ್ಲೇ ತಿಳಿಸಿದರೆ ಸಾಕು.

– ಬಟ್ಟೆ ಹೊಲಿಯುವ ಒಬ್ಬ ಅಜ್ಜಿ, ನಿಟ್ಟುವಳ್ಳಿ, ದಾವಣಗೆರೆ